ಮಾತು ಕೇಳದ ಬೀಸಣಿಗೆ

ಮೂವತ್ತು ವರ್ಷಕ್ಕೆ ಮೀರಿ ಶಬ್ದರೂಪ, ಧಾತುರೂಪಗಳ ಪಾಠ ಹೇಳಿ ನಿವೃತ್ತರಾದವರು ಯಂತ್ರದ ವಿಚಾರಕ್ಕೆ ಬಾಯಿ ಹಾಕುವುದು ಉಚಿತವೇ ಎಂದು ವಾಚಕ ಮಹಾಶಯರು ಕೇಳಬಹುದು. ಉಚಿತವಲ್ಲವೆಂದು ನಾವೂ ಒಪ್ಪುತ್ತೇವೆ. ಆದರೆ ಮನೆಯೊಳಗೆ ಹುಟ್ಟಿದ ಸದ್ದಿಗೆ ಮನೆಯವರಲ್ಲದೆ ಬೇರೆ ಯಾರು ಕಿವಿಗೊಡುವರು? 2024ನೆಯ ಇಸವಿಯ ದಸರೆಯಿಂದ ದೀಪಾವಳಿಯವರೆಗೆ, ಸುಮಾರು ಇಪ್ಪತ್ತು ದಿವಸ, ಅಂಗೈಯಗಲದ ಒಂದು ಜೊತೆ ಬೀಸಣಿಗೆಗಳು ನಮ್ಮ ಮನೆಯವರೆಲ್ಲರ ನಿದ್ರೆಯನ್ನೂ, ಅದಕ್ಕಿಂತ ಹೆಚ್ಚಾಗಿ ತಂದೆಮಕ್ಕಳ ನಡುವಿನ ಮಾತನ್ನೂ ಕೆಡಿಸಿದುವು. ಆ ಕಥೆಯನ್ನು ಹೇಳುವುದರಿಂದ ನಮಗೆ ಗೌರವವೇನೂ ಹೆಚ್ಚುವಂತಿಲ್ಲ. ಆದರೂ ಹೇಳಬೇಕೆನಿಸಿದೆ.

ನಮ್ಮ ವಾಸ ಬೆಂಗಳೂರಿನ ಪೂರ್ವದಿಕ್ಕಿನಲ್ಲಿ, ಗರುಡಾಚಾರ್‌ಪಾಳ್ಯದಲ್ಲಿ. ಹೆಸರನ್ನು ಮಾತ್ರ ಕೇಳಿದವರು ಅದು ಹೊಂಗೆಯ ನೆರಳೂ ಬಾವಿಕಟ್ಟೆಯೂ ಇರುವ ಅಗ್ರಹಾರವೆಂದು ಊಹಿಸಿಯಾರು. ಈಗ ದೊಡ್ಡ ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ರೈಲಿನ ಸೇತುವೆ ಹಾದಿದೆ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗಿನ ಮಾರ್ಗದ ಉದ್ಘಾಟನೆಯಾಯಿತು; ಅದೇ ವರ್ಷದ ಅಕ್ಟೋಬರ್ 9ರಿಂದ ಬೈಯಪ್ಪನಹಳ್ಳಿಯ ಕಡೆಗೂ ಕೊಂಡಿ ಕೂಡಿದ ಮೇಲೆ ನಮ್ಮಂಥವರು ಒಂದೇ ಗಾಡಿಯಲ್ಲಿ ಕುಳಿತು ಮೆಜೆಸ್ಟಿಕ್ ಮುಟ್ಟುವ ಭಾಗ್ಯ ಬಂದಿತು. ಸೇತುವೆಯ ಕೆಳಗೆ ಲಾರಿ, ಬಸ್ಸು, ಆಟೋಗಳ ಮೊರೆತ ರಾತ್ರಿ ಹನ್ನೊಂದರವರೆಗೂ ಇದ್ದದ್ದೇ. ಆ ಸದ್ದು ನಮ್ಮನ್ನು ಎಂದೂ ಬಾಧಿಸಲಿಲ್ಲ. ಬೀದಿಯ ಸದ್ದು ಬೀದಿಯದು. ಮನೆಯ ಸದ್ದು ಮಾತ್ರ ಮೈಗೆ ಅಂಟಿಕೊಳ್ಳುತ್ತದೆ.

ನಮ್ಮ ಕಿರಿಯ ಮಗನು ವಾಸ್ತುಶಿಲ್ಪಿಯೊಬ್ಬರ ಬಳಿ ಉದ್ಯೋಗದಲ್ಲಿದ್ದಾನೆ. ಇನ್ನೂ ಪಾಯವನ್ನೇ ತೋಡದ ಮನೆಯು ಕಟ್ಟಿ ಮುಗಿದಮೇಲೆ ಬೆಳಗಿನ ಬಿಸಿಲಿನಲ್ಲಿ ಹೇಗೆ ಕಾಣುವುದು, ಸಂಜೆ ದೀಪ ಹಚ್ಚಿದಾಗ ಹೇಗೆ ಕಾಣುವುದು ಎಂಬುದನ್ನು ಕಂಪ್ಯೂಟರಿನಲ್ಲಿ ಚಿತ್ರಿಸಿಕೊಡುವುದು ಅವನ ಕಸುಬು. ಈ ಕೆಲಸಕ್ಕೆ ಅವನ ಯಂತ್ರದೊಳಗೆ ಗ್ರಾಫಿಕ್ಸ್ ಕಾರ್ಡು ಎಂಬ ಒಂದು ಫಲಕವಿದೆ. ನಾವು ಅದನ್ನು ‘ಚಿತ್ರಫಲಕ’ವೆಂದು ಕರೆಯತೊಡಗಿದೆವು, ಮಗನು ನಕ್ಕನು, ಆದುದರಿಂದ ಬಿಟ್ಟೆವು. ಸಾಮಾನ್ಯ ಕಂಪ್ಯೂಟರಿನ ಮಿದುಳು ಒಬ್ಬ ಘನಪಂಡಿತನಂತೆ ಕಠಿಣವಾದ ಲೆಕ್ಕಗಳನ್ನು ಒಂದಾದಮೇಲೊಂದರಂತೆ ಬಿಡಿಸಿದರೆ, ಈ ಕಾರ್ಡಿನೊಳಗೆ ಸಾವಿರಾರು ಹುಡುಗರು ಒಟ್ಟಿಗೆ ಕುಳಿತು ಮಗ್ಗಿ ಒಪ್ಪಿಸುವಂತೆ ಸಣ್ಣ ಲೆಕ್ಕಗಳನ್ನು ಏಕಕಾಲದಲ್ಲಿ ಮಾಡುತ್ತಾರೆ. 1999ರಲ್ಲಿ ಎನ್ವಿಡಿಯಾ ಎಂಬ ಅಮೆರಿಕದ ಸಂಸ್ಥೆಯು ತನ್ನ ಜೀಫೋರ್ಸ್ 256 ಎಂಬ ಕಾರ್ಡನ್ನು ಹೊರತಂದಾಗ ಈ ಬಗೆಯ ಮಿದುಳಿಗೆ ಜಿ.ಪಿ.ಯು. ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಈಗ ಇಂಥವುಗಳ ವಿನ್ಯಾಸವು ನಮ್ಮ ಬೆಂಗಳೂರಿನಲ್ಲಿಯೇ ನಡೆಯುತ್ತದೆ. ಎ.ಎಂ.ಡಿ. ಸಂಸ್ಥೆಯವರು ಜಗತ್ತಿನಲ್ಲೇ ತಮ್ಮ ಅತಿ ದೊಡ್ಡ ವಿನ್ಯಾಸಕೇಂದ್ರವನ್ನು 2023ರ ನವೆಂಬರಿನಲ್ಲಿ ಇಲ್ಲಿಯೇ ತೆರೆದರು. ಊರಿನಲ್ಲಿ ಇಷ್ಟು ಪಾಂಡಿತ್ಯವಿದ್ದೂ ನಮ್ಮ ಮನೆಯ ಒಂದು ಫ್ಯಾನನ್ನು ಸುಮ್ಮನಾಗಿಸುವುದಕ್ಕೆ ಇಪ್ಪತ್ತು ದಿವಸ ಬೇಕಾಯಿತು.

ಅಷ್ಟು ಹುಡುಗರು ಒಟ್ಟಿಗೆ ಮಗ್ಗಿ ಹೇಳಿದರೆ ಕೋಣೆ ಕಾಯುವುದು ಸಹಜವಷ್ಟೆ. ನಮ್ಮ ಅಡಿಗೆಮನೆಯ ಮಿಕ್ಸಿಯು 500 ವಾಟಿನದು. ಚಟ್ನಿ ರುಬ್ಬುವ ಎರಡು ನಿಮಿಷಕ್ಕೆ ಅದರ ಹೊಟ್ಟೆ ಬೆಚ್ಚಗಾಗುತ್ತದೆ. 2022ರಲ್ಲಿ ಬಂದ ಅತಿ ದೊಡ್ಡ ಕಾರ್ಡೊಂದು 450 ವಾಟನ್ನು ಗಂಟೆಗಟ್ಟಲೆ ಸುಡಬಲ್ಲುದಂತೆ. ಮಗನದು ಅಷ್ಟು ದೊಡ್ಡದಲ್ಲ, 170 ವಾಟಿನದು. ಆ ಶಾಖವನ್ನು ತಗಡಿನ ರೆಕ್ಕೆಗಳಿಗೆ ಹರಿಯಿಸಿ, ಅವುಗಳ ಮೇಲೆ ಗಾಳಿ ಬೀಸುವುದಕ್ಕಾಗಿ ಎರಡು ಸಣ್ಣ ಫ್ಯಾನುಗಳನ್ನು ಕೂರಿಸಿದ್ದಾರೆ. ಶಾಖವಿದ್ದಾಗ ಜೋರಾಗಿ ಬೀಸಬೇಕು, ಇಲ್ಲದಾಗ ಮೆಲ್ಲಗೆ ಬೀಸಬೇಕು, ತೀರ ತಣ್ಣಗಿದ್ದಾಗ ನಿಂತೇಬಿಡಬೇಕು, ಇದು ಏರ್ಪಾಡು. ವ್ಯಜನವೆಂಬ ಶಬ್ದವನ್ನು ನಾವು ಎಷ್ಟೋ ವರ್ಷ ಪಾಠ ಹೇಳಿದ್ದೇವೆ. ಅದು ಬೀಸುವವರ ಕೈಯ ಅಳತೆಗೆ ಬೀಸುವುದೆಂದೇ ಭಾವಿಸಿದ್ದೆವು.

ಆ ವರ್ಷದ ಆಯುಧಪೂಜೆಯನ್ನು ನಾವು ಎಂದಿನಂತೆ ಸಾಂಗವಾಗಿ ನಡೆಸಿದೆವು. ಈಳಿಗೆಮಣೆ, ಮಿಕ್ಸಿ, ಮಗನ ಬೈಸಿಕಲ್ಲು, ನಮ್ಮ ಶಬ್ದಮಂಜರಿಯ ಹಳೆಯ ಪ್ರತಿ, ಎಲ್ಲಕ್ಕೂ ಕುಂಕುಮವಾಯಿತು. ಕಂಪ್ಯೂಟರಿನ ಪಕ್ಕದ ಹಲಗೆಯನ್ನು ತೆಗೆಸಿ, ಬಣ್ಣ ಬಳಿಯುವ ಹೊಸ ಬ್ರಷ್ಷಿನಿಂದ ಧೂಳನ್ನು ಕೊಡವಿದೆವು. ನಮ್ಮ ರಸ್ತೆಯ ಧೂಳಿನ ವಿಷಯ ಹೇಳುವುದೇ ಬೇಡ, ಒಂದು ಚಮಚೆಯಷ್ಟು ಸಿಕ್ಕಿತು. ಮರುದಿನ ವಿಜಯದಶಮಿ. ನೆಂಟರಿಷ್ಟರು ಬಂದು ಉಂಡು ಹೋದರು. ಮಗನು ಮಧ್ಯಾಹ್ನ ಯಂತ್ರವನ್ನು ಹಚ್ಚಿದನು. ಅದು ಯಾವುದೋ ಹೊಸ ತಂತ್ರಾಂಶವನ್ನು ತಾನಾಗಿ ಇಳಿಸಿಕೊಂಡಿತಂತೆ. ರಾತ್ರಿ ಎಲ್ಲರೂ ಹೊರಟುಹೋಗಿ ಮನೆ ನಿಶ್ಶಬ್ದವಾದಾಗಲೇ ನಮಗೆ ತಿಳಿದದ್ದು, ಮನೆ ನಿಶ್ಶಬ್ದವಾಗಿಲ್ಲವೆಂದು. ಹಜಾರದ ಮೂಲೆಯಲ್ಲಿ ಹಿಟ್ಟಿನ ಗಿರಣಿಯೊಂದು ದೂರದಲ್ಲಿ ನಡೆಯುತ್ತಿರುವಂತೆ ಒಂದು ಕೊರೆಯುವ ಕೂಗು ಎದ್ದಿತ್ತು. ನಮ್ಮ ಮನೆಯಾಕೆಗೆ ಮೊದಲೇ ಅರೆತಲೆನೋವು. ಆ ರಾತ್ರಿ ಅವಳು ಕಿವಿಗೆ ಹತ್ತಿಯಿಟ್ಟುಕೊಂಡು ಮಲಗಿದಳು.

ಯಾವ ಸದ್ದು ಎಲ್ಲಿಂದ ಬರುತ್ತದೆಂಬುದನ್ನು ಮೊದಲು ನಿಶ್ಚಯಿಸಬೇಕೆಂದು ನಾವು ಹೇಳಿದೆವು. ಯಂತ್ರದಲ್ಲಿ ಮೂರು ಕಡೆ ಫ್ಯಾನುಗಳಿವೆ: ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು, ವಿದ್ಯುತ್ತನ್ನು ಹಂಚುವ ಡಬ್ಬಿಯಲ್ಲಿ ಒಂದು, ಕಾರ್ಡಿನ ಮೇಲೆ ಎರಡು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಅನ್ವಯವ್ಯತಿರೇಕವೆಂಬ ಮಾತು ಗೊತ್ತಿರುತ್ತದೆ. ಇದಿರುವಲ್ಲಿ ಅದಿದ್ದರೆ ಅನ್ವಯ. ಇದಿಲ್ಲದಲ್ಲಿ ಅದೂ ಇಲ್ಲವಾದರೆ ವ್ಯತಿರೇಕ. ಹಿಂಬದಿಯ ಫ್ಯಾನಿನ ತಂತಿಯನ್ನು ಮಗನು ಬಿಚ್ಚಿದನು, ಕೂಗು ನಿಲ್ಲಲಿಲ್ಲ. ವಿದ್ಯುತ್ತಿನ ಡಬ್ಬಿಯನ್ನು ಬಿಚ್ಚುವುದು ಅಪಾಯವೆಂದು, ವೃತ್ತಪತ್ರಿಕೆಯನ್ನು ಕೊಳವೆಯಂತೆ ಸುತ್ತಿ, ವೈದ್ಯರು ಎದೆ ನೋಡುವಂತೆ ಒಂದೊಂದು ಕಡೆಗೂ ಇಟ್ಟು ಕೇಳಿದೆವು. ಕೂಗು ಕಾರ್ಡಿನದೇ. ಇಷ್ಟರಮಟ್ಟಿಗೆ ನಮ್ಮ ಶಾಸ್ತ್ರ ನಿಂತಿತು, ಮುಂದೆ ಕೈಕೊಟ್ಟಿತು.

ಫ್ಯಾನಿನ ವೇಗವನ್ನು ನಿಯಂತ್ರಿಸುವುದಕ್ಕೆ ಪರದೆಯ ಮೇಲೆ ಒಂದು ಪಟ್ಟಿಯುಂಟು. ಅದರ ಗುಂಡಿಯನ್ನು ಮಗನು ನೂರಕ್ಕೆ ಮೂವತ್ತಕ್ಕೆ ಎಳೆದನು. ಪಕ್ಕದಲ್ಲಿಯೇ ಫ್ಯಾನು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆಂಬ ಲೆಕ್ಕವೂ ಬರುತ್ತದೆ. ಅದು 3,300 ಎಂದಿತು. ಇಪ್ಪತ್ತಕ್ಕೆ ಇಳಿಸಿದನು, 3,300. ಎಂಬತ್ತಕ್ಕೆ ಏರಿಸಿದನು, ಆಗಲೂ 3,300. ಕಾರ್ಡಿನ ಶಾಖ 41 ಡಿಗ್ರಿ ಮಾತ್ರ, ಅಂದರೆ ತಾನೇ ನಿಂತುಬಿಡಬೇಕಾದಷ್ಟು ತಣ್ಣಗೆ. ಎರಡು ತಂತ್ರಾಂಶಗಳು ಒಂದೇ ಫ್ಯಾನಿಗೆ ಎರಡು ಬಗೆಯ ಅಪ್ಪಣೆ ಕೊಡುತ್ತಿರಬಹುದೆಂದು ಒಂದನ್ನು ಅಳಿಸಿದನು. ಕಾರ್ಡಿನ ಡ್ರೈವರ್ ಎಂಬುದನ್ನು ತೆಗೆದು ಹೊಸದಾಗಿ ಹಾಕಿದನು. ಹೊಸದನ್ನು ತೆಗೆದು ಹಳೆಯದನ್ನು ಹಾಕಿದನು. ಸಾರಥಿ ಬದಲಾದರೂ ಕುದುರೆಯ ಓಟ ಬದಲಾಗಲಿಲ್ಲ.

ದೋಷವು ವಿಜಯದಶಮಿಯಂದು ಇಳಿದ ಹೊಸ ತಂತ್ರಾಂಶದ್ದೆಂದು ಮಗನ ಅಭಿಪ್ರಾಯ. ಅವನು ದೃಷ್ಟಾಂತಗಳನ್ನೂ ಕೊಟ್ಟನು. 2010ರ ಮಾರ್ಚಿನಲ್ಲಿ ಎನ್ವಿಡಿಯಾದವರು 196.75 ಎಂಬ ಸಂಖ್ಯೆಯ ಡ್ರೈವರನ್ನು ಬಿಡುಗಡೆ ಮಾಡಿ, ಅದರಿಂದ ಫ್ಯಾನಿನ ನಿಯಂತ್ರಣ ಕೆಟ್ಟು ಕಾರ್ಡುಗಳು ಮಿತಿಮೀರಿ ಕಾಯುತ್ತವೆಂದು ದೂರು ಬಂದಾಗ ಹಿಂದಕ್ಕೆ ತೆಗೆದುಕೊಂಡರು. 2015ರ ನವೆಂಬರಿನಲ್ಲಿ ಎ.ಎಂ.ಡಿ.ಯವರ ಕ್ರಿಮ್ಸನ್ ಎಂಬ ತಂತ್ರಾಂಶವು ಕೆಲವು ಕಾರ್ಡುಗಳ ಫ್ಯಾನನ್ನು ನೂರಕ್ಕೆ ಇಪ್ಪತ್ತರಲ್ಲಿಯೇ ಕಟ್ಟಿಹಾಕಿತು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂದಿತು. ಇವನ್ನು ಕೇಳಿ ನಾವೂ ತಲೆದೂಗಿದೆವು. ಆ ಎರಡು ದೃಷ್ಟಾಂತಗಳಲ್ಲಿಯೂ ಫ್ಯಾನು ಬೇಕಾದುದಕ್ಕಿಂತ ನಿಧಾನವಾಯಿತು, ನಮ್ಮದಾದರೋ ಬೇಕಾದುದಕ್ಕಿಂತ ವೇಗವಾಗಿದೆ, ಆದುದರಿಂದ ದೃಷ್ಟಾಂತವು ಪಕ್ಷಕ್ಕೆ ಹೊಂದುವುದಿಲ್ಲ ಎಂಬಷ್ಟು ಸಣ್ಣ ವಿಚಾರವು, ಹೇತ್ವಾಭಾಸಗಳನ್ನು ಬೆರಳು ಮಡಿಚಿ ಎಣಿಸಬಲ್ಲ ನಮಗೆ ಹೊಳೆಯಲಿಲ್ಲ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಗಂಟು ಹಾಕುವುದನ್ನು ಕಾಕತಾಳೀಯವೆನ್ನುತ್ತಾರೆ. ತಂತ್ರಾಂಶ ಇಳಿದದ್ದು ಕಾಗೆ. ಹಣ್ಣು ಬೀಳಿಸಿದವರು ಬೇರೆ ಇದ್ದರು.

ಹತ್ತಿರದ ಅಂಗಡಿಯೊಂದಕ್ಕೆ ಕಾರ್ಡನ್ನು ಒಯ್ದಾಗ ಅಲ್ಲಿಯವರು ಅದನ್ನು ತಿರುಗಿಸಿಯೂ ನೋಡದೆ, ಕಾರ್ಡು ಹೋಗಿದೆ, ಹೊಸದನ್ನು ಕೊಳ್ಳಿರಿ ಎಂದರು. ಹೊಸದರ ಬೆಲೆ ಮಗನ ಒಂದು ತಿಂಗಳ ಸಂಬಳಕ್ಕೆ ಸಮೀಪ. ಅಷ್ಟರಲ್ಲಿ ದೀಪಾವಳಿಗೆ ಮುಂಚೆ ಮುಗಿಸಿಕೊಡಬೇಕಾದ ಚಿತ್ರಗಳು ಅವನ ತಲೆಯ ಮೇಲಿದ್ದುವು. ಒಂದೊಂದು ಚಿತ್ರಕ್ಕೂ ಯಂತ್ರ ಗಂಟೆಗಟ್ಟಲೆ ದುಡಿಯಬೇಕು, ಆದುದರಿಂದ ರಾತ್ರಿಯೆಲ್ಲ ಓಡುತ್ತಿತ್ತು.

ಒಂದು ರಾತ್ರಿ ಎರಡು ಗಂಟೆಗೆ ಮನೆಯಾಕೆ ಎದ್ದು ಕುಳಿತು ಹಣೆ ಒತ್ತಿಕೊಳ್ಳುತ್ತಿದ್ದುದನ್ನು ಕಂಡು ನಾವು ಹಜಾರಕ್ಕೆ ಹೋಗಿ ಆಡಬಾರದ ಮಾತನ್ನು ಆಡಿದೆವು. “ಹೇಳಿದ ಮಾತು ಕೇಳದ್ದು ಈ ಮನೆಯಲ್ಲಿ ಇರಕೂಡದು. ಅದು ಯಂತ್ರವಾದರೂ ಸರಿ, ಮನುಷ್ಯನಾದರೂ ಸರಿ.”

ಮಗನು ಏನೂ ಎನ್ನಲಿಲ್ಲ. ಬೆಳಗಾಗುವಷ್ಟರಲ್ಲಿ ಯಂತ್ರವನ್ನೂ ಮೇಜನ್ನೂ ಕುರ್ಚಿಯನ್ನೂ ಒಬ್ಬನೇ ಹೊತ್ತು ಮಾಳಿಗೆಯ ಮೇಲಿನ ಕೋಣೆಗೆ ಸಾಗಿಸಿದ್ದನು. ಅದು ನೀರಿನ ಟ್ಯಾಂಕಿಗೆ ಅಂಟಿದಂತೆ ತಗಡು ಹೊದಿಸಿದ ಸಣ್ಣ ಕೋಣೆ. ಹರಕು ಚಾಪೆ, ನಮ್ಮ ಹಳೆಯ ಉತ್ತರಪತ್ರಿಕೆಗಳ ಪೆಟ್ಟಿಗೆ, ಒಡೆದ ಬಕೆಟ್ಟು ಇವುಗಳಿಗೆ ಮೀಸಲಾದ ಸ್ಥಳ. ಆ ಅಕ್ಟೋಬರಿನಲ್ಲಿ ಬೆಂಗಳೂರಿನ ಮೇಲೆ ಸುರಿದ ಮಳೆ ವಾಚಕರಿಗೆ ನೆನಪಿರಬಹುದು. ಎಷ್ಟೋ ಬಡಾವಣೆಗಳಲ್ಲಿ ನೀರು ನುಗ್ಗಿತ್ತು. ತಗಡಿನ ಮೇಲೆ ಆ ಮಳೆ, ಕೆಳಗೆ ಆ ಫ್ಯಾನು, ನಡುವೆ ಶಾಲು ಹೊದ್ದು ಕುಳಿತ ಹುಡುಗ. ಹತ್ತು ದಿವಸ ಅವನು ಊಟಕ್ಕೆ ಮಾತ್ರ ಕೆಳಗಿಳಿದನು. ಮನೆಯಾಕೆ ಮಂಡಿನೋವಿನಲ್ಲಿಯೂ ಲೋಟದಲ್ಲಿ ಕಾಫಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ನಾವು ಒಂದು ದಿನವೂ ಹತ್ತಲಿಲ್ಲ. ಮನೆ ಶಾಂತವಾಗಿತ್ತು. ಓದಲು ಕುಳಿತರೆ ಒಂದು ಪುಟ ಸಾಗುತ್ತಿರಲಿಲ್ಲ.

ಗಂಟನ್ನು ಬಿಡಿಸಿದ್ದು ತರ್ಕವಲ್ಲ, ಮನೆಯಾಕೆಯ ಕಿವಿ. ದೀಪಾವಳಿಗೆ ಎರಡು ದಿನ ಮುಂಚೆ ಅವಳು ಮೇಲಿದ್ದಾಗ ವಿದ್ಯುತ್ತು ಹೋಗಿ, ಐದು ನಿಮಿಷದ ಮೇಲೆ ಬಂದಿತು. ಮಗನು ಗುಂಡಿ ಒತ್ತಿದನು. ಒತ್ತಿದೊಡನೆಯೇ ಫ್ಯಾನು ಪೂರ್ಣಕಂಠದಿಂದ ಕೂಗಿತು. ಅವಳು ಕೆಳಗೆ ಬಂದು ನಮ್ಮೊಡನೆ ಹೀಗೆಂದಳು:

“ಅಲ್ಲ ಅಂದ್ರೆ, ಪರದೆಯ ಮೇಲೆ ಇನ್ನೂ ಒಂದಕ್ಷರ ಮೂಡಿರಲಿಲ್ಲ. ಆಗಲೇ ಅರಚಿಕೊಳ್ತು. ಇನ್ನೂ ಅದಕ್ಕೆ ಯಾರೂ ಏನೂ ಹೇಳೇ ಇಲ್ಲ. ಹೇಳಿದ್ದನ್ನ ಕೇಳೋದಿಲ್ಲ ಅಂತ ನೀವಿಬ್ಬರೂ ಹೇಗೆ ಬೈತೀರಿ?”

ನಾವು ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟೆವು. ಡ್ರೈವರಾಗಲಿ ತಂತ್ರಾಂಶವಾಗಲಿ ಎಚ್ಚರಗೊಳ್ಳುವ ಮೊದಲೇ ಇರುವ ದೋಷಕ್ಕೆ ತಂತ್ರಾಂಶವು ಕಾರಣವಾಗಲಾರದು. ಕಾರಣವು ಕಾರ್ಯಕ್ಕೆ ಮುಂಚೆ ಇರಬೇಕೆಂಬುದು ತರ್ಕದ ಮೊದಲ ಪಾಠ. ಹತ್ತು ದಿನಗಳ ತರುವಾಯ ನಾವು ಮೆಟ್ಟಿಲು ಹತ್ತಿದೆವು. ಬಾಗಿಲಲ್ಲಿ ನಿಂತು, “ನಾಳೆ ರಜ ಹಾಕುತ್ತೀಯೇನಪ್ಪ? ಎಸ್.ಪಿ. ರಸ್ತೆಗೆ ಹೋಗಿಬರೋಣ” ಎಂದೆವು. ಅವನು ನಮ್ಮನ್ನು ಸ್ವಲ್ಪ ಹೊತ್ತು ನೋಡಿ “ಆಗಲಿ ಅಪ್ಪ” ಎಂದನು.

ಕಾರ್ಡನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಳ್ಳೋಣವೆಂದರೆ ಮಗನು ಒಪ್ಪಲಿಲ್ಲ; ಬಟ್ಟೆಯ ತಿಕ್ಕಾಟದಿಂದ ಹುಟ್ಟುವ ಕಿಡಿಯೂ ಅದಕ್ಕೆ ಕೇಡಂತೆ, ಅದು ಕೊಂಡಾಗ ಬಂದ ಬೆಳ್ಳಿಬಣ್ಣದ ಚೀಲವೇ ಆಗಬೇಕಂತೆ. ಯಾವುದನ್ನೂ ಬಿಸಾಡದ ಮನೆಯಾಕೆಯು ಆ ಚೀಲವನ್ನು ಮೂರು ವರ್ಷದಿಂದ ಸಾಸಿವೆಯ ಡಬ್ಬಿಯ ಹಿಂದೆ ಮಡಿಸಿಟ್ಟಿದ್ದಳು. ಗರುಡಾಚಾರ್‌ಪಾಳ್ಯದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದೆವು. ದೀಪಾವಳಿಯ ಹಿಂದಿನ ದಿನದ ಚಿಕ್ಕಪೇಟೆಯನ್ನು ವರ್ಣಿಸಲು ನಮ್ಮಿಂದಾಗದು. ಸೀರೆಯ ಗಂಟುಗಳ ನಡುವೆ ನುಸುಳಿ ಸಾದರ್ ಪತ್ರಪ್ಪ ರಸ್ತೆಯನ್ನು ಸೇರಿದಾಗ ನಮ್ಮ ಉತ್ತರೀಯ ಹೆಗಲ ಮೇಲೆ ಉಳಿದದ್ದೇ ಆಶ್ಚರ್ಯ. ಕಂಪ್ಯೂಟರಿಗೆ ಸಂಬಂಧಿಸಿದ ಯಾವ ಮೊಳೆಯೂ ಆ ಬೀದಿಯಲ್ಲಿ ಸಿಕ್ಕುತ್ತದೆಂದು ಪ್ರತೀತಿ. ಮಗನು ಯಾರಿಂದಲೋ ವಿಚಾರಿಸಿಕೊಂಡಿದ್ದ ಒಂದು ಮಾಳಿಗೆಯ ಅಂಗಡಿಗೆ ಕಿರಿದಾದ ಮೆಟ್ಟಿಲು ಹತ್ತಿದೆವು.

ಅಲ್ಲಿ ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಹುಡುಗನೊಬ್ಬನು ದೀಪವಿರುವ ಭೂತಗನ್ನಡಿಯ ಕೆಳಗೆ ಕೆಲಸ ಮಾಡುತ್ತಿದ್ದನು. ನಮ್ಮ ದೀರ್ಘವಾದ ಪೂರ್ವಪೀಠಿಕೆಯನ್ನು ಅವನು ಕೇಳಿಸಿಕೊಳ್ಳಲಿಲ್ಲ. ಕಾರ್ಡನ್ನು ಹಿಡಿದು ಫ್ಯಾನಿನ ತಂತಿಗಳು ಫಲಕಕ್ಕೆ ಸೇರುವ ಸಣ್ಣ ಬಿಳಿಯ ಪ್ಲಗ್ಗನ್ನು ಕನ್ನಡಿಯ ಕೆಳಗೆ ತಂದು, “ಯಾರೋ ವೈರ್ ಎಳೆದಿದ್ದಾರೆ ಸಾರ್” ಎಂದನು. ನಮ್ಮನ್ನು ಕರೆದು ತೋರಿಸಿದನು.

ನಾಲ್ಕು ತಂತಿಗಳು. ಎರಡು ತಂತಿಗಳು 12 ವೋಲ್ಟಿನ ವಿದ್ಯುತ್ತನ್ನು ಫ್ಯಾನಿಗೆ ತಂದು ಮರಳಿಸುತ್ತವೆ. ಮೂರನೆಯದು ಫ್ಯಾನಿನಿಂದ ಕಾರ್ಡಿಗೆ ವರದಿ ಒಯ್ಯುತ್ತದೆ, ಒಂದು ಸುತ್ತಿಗೆ ಎರಡು ಮಿಡಿತದಂತೆ. ಪರದೆಯ ಮೇಲೆ ನಾವು ಕಂಡ 3,300 ಅದರಿಂದ ಬಂದದ್ದು. ನಾಲ್ಕನೆಯದು ಕಾರ್ಡಿನಿಂದ ಫ್ಯಾನಿಗೆ ಅಪ್ಪಣೆಯನ್ನು ಒಯ್ಯುವ ತಂತಿ. ಅಪ್ಪಣೆಯ ರೀತಿಯೂ ಸೊಗಸಾದುದೇ. ಸೆಕೆಂಡಿಗೆ ಸುಮಾರು 25,000 ಸಲ ಆ ತಂತಿಯಲ್ಲಿ ಒಂದು ಸಂಕೇತ ಎದ್ದು ಬೀಳುತ್ತದೆ. ಮನುಷ್ಯನ ಕಿವಿಗೆ 20,000ಕ್ಕೆ ಮೇಲಿನದು ಕೇಳಿಸದಾದ್ದರಿಂದ ಆ ಮಿಡಿತದ ಸದ್ದು ನಮಗಿಲ್ಲ. ತಾಳದ ಆವರ್ತದ ಅಳತೆ ಬದಲಾಗದೆ, ಅದರೊಳಗೆ ಹಾಡೆಷ್ಟು ಮೌನವೆಷ್ಟು ಎಂಬುದು ಮಾತ್ರ ಬದಲಾದಂತೆ, ಪ್ರತಿಯೊಂದು ಮಿಡಿತದಲ್ಲಿಯೂ ಸಂಕೇತ ಎದ್ದಿರುವ ಭಾಗ ನೂರಕ್ಕೆ ಮೂವತ್ತಾದರೆ ಫ್ಯಾನು ಮೆಲ್ಲಗೆ ತಿರುಗುತ್ತದೆ, ತೊಂಬತ್ತಾದರೆ ಜೋರಾಗಿ ತಿರುಗುತ್ತದೆ.

ಈ ನಾಲ್ಕನೆಯ ತಂತಿಯ ತುದಿಯಲ್ಲಿರುವ ಸೂಜಿಮೊನೆಯಂಥ ಲೋಹವು ಪ್ಲಗ್ಗಿನೊಳಗಿಂದ ಒಂದು ಗೋಧಿಕಾಳಿನಷ್ಟು ಹಿಂದಕ್ಕೆ ಸರಿದಿತ್ತು. ಹೊರಗಿನಿಂದ ನೋಡಿದರೆ ಎಲ್ಲವೂ ನೆಟ್ಟಗೆ. ಒಳಗೆ ಸ್ಪರ್ಶವಿಲ್ಲ.

“ಅಪ್ಪಣೆ ತಲುಪದಿದ್ದರೆ ಫ್ಯಾನು ನಿಲ್ಲಬೇಕಲ್ಲ? ಇದು ಓಡುತ್ತಿತ್ತಲ್ಲ?” ಎಂದು ನಾವು ಕೇಳಿದೆವು.

“ಇಲ್ಲ ಸಾರ್. ಏನೂ ಹೇಳಿ ಬರದೇ ಇದ್ರೆ ಫುಲ್ ಸ್ಪೀಡಲ್ಲಿ ಓಡ್ಬೇಕು, ಹಾಗೇ ಮಾಡಿರ್ತಾರೆ. ಸದ್ದಾದ್ರೆ ಪರವಾಗಿಲ್ಲ, ಕಾರ್ಡ್ ಸುಟ್ಟುಹೋಗ್ಬಾರ್ದು ಅಂತ.”

ನಾವು ಎದುರಿಗಿದ್ದ ಮುಕ್ಕಾಲಿಯ ಮೇಲೆ ಕುಳಿತುಬಿಟ್ಟೆವು. ಇಪ್ಪತ್ತು ದಿನ ಅದು ಮಾತು ಕೇಳದೆ ಹಟ ಮಾಡಿತೆಂದು ತಿಳಿದಿದ್ದೆವು. ಅದಕ್ಕೆ ಮಾತೇ ಮುಟ್ಟಿರಲಿಲ್ಲ. ಮಾತು ಮುಟ್ಟದ ಕಾರಣ, ತನಗೆ ವಿಧಿಸಿದ ನಿಯಮಕ್ಕೆ ತಪ್ಪದೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ಹಗಲಿರುಳು ಬೀಸುತ್ತಿತ್ತು.

ಹುಡುಗನು ಚಿಮುಟದಿಂದ ತಂತಿಯ ಬುಡದಲ್ಲಿ ಸಿಕ್ಕಿಕೊಂಡಿದ್ದ ಏನನ್ನೋ ಎಳೆದು ಬಿಳಿಯ ಕಾಗದದ ಮೇಲಿಟ್ಟನು. “ಇದೇನ್ ಸಾರ್?” ಒಣಗಿ ಕಂದಿದ ಒಂದು ಹಳದಿಯ ಎಸಳು, ಅದಕ್ಕೆ ಅಂಟಿದ ಎರಡಂಗುಲ ಬಾಳೆಯ ನಾರು.

ವಾಚಕರು ಆಗಲೇ ಊಹಿಸಿರಬಹುದು. ಆಯುಧಪೂಜೆಯಂದು ಹಲಗೆ ತೆಗೆದಿದ್ದಾಗ, ಹೊರಗೆ ಮಾತ್ರ ಹೂವಿಟ್ಟರೆ ಪೂಜೆ ಪೂರ್ಣವಾಗದೆಂದು, ಒಂದು ಗೇಣು ಸೇವಂತಿಗೆಯ ಸರವನ್ನು ಕಾರ್ಡಿನ ಮೇಲೆಯೂ ಏರಿಸಿದವರು ನಾವು. ಮಗನು ಸ್ನಾನಕ್ಕೆ ಹೋಗಿದ್ದನು. ಮರುದಿನ ಬೆಳಿಗ್ಗೆ ನಿರ್ಮಾಲ್ಯವನ್ನು ತೆಗೆಯುವಾಗ ಸರ ಎಲ್ಲಿಯೋ ಸಿಕ್ಕಿಕೊಂಡಿತು, ತುಸು ಜಗ್ಗಿದೆವು, ಬಂದಿತು. ಹಲಗೆಯನ್ನು ಮುಚ್ಚಿದೆವು. ಅದು ನಮ್ಮ ನೆನಪಿನಲ್ಲಿ ಉಳಿಯುವಂಥ ಸಂಗತಿಯೇ ಆಗಿರಲಿಲ್ಲ.

ಮಗನು ಎಸಳನ್ನು ನೋಡಿದನು, ನಮ್ಮನ್ನು ನೋಡಿದನು, ಮತ್ತೆ ಹುಡುಗನ ಕೈಕೆಲಸದ ಕಡೆಗೆ ತಿರುಗಿದನು. ಹುಡುಗನು ಒಂದು ದಪ್ಪ ಸೂಜಿಯಿಂದ ಆ ಮೊನೆಯನ್ನು ಮುಂದಕ್ಕೆ ಒತ್ತಿದನು. ‘ಟಿಕ್’ ಎಂದು ಅಷ್ಟೇ ಸದ್ದಾಯಿತು. ಕಾರ್ಡನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ ಹಚ್ಚಿದಾಗ ಫ್ಯಾನುಗಳು ಒಂದು ಕ್ಷಣ ಗುರ್ರೆಂದು, ಇಳಿದು, ನಿಂತುಹೋದುವು. “ಅಯ್ಯೋ, ನಿಂತೇಹೋಯಿತಲ್ಲ!” ಎಂದು ನಾವು ಗಾಬರಿಯಿಂದ ಎದ್ದೆವು. ತಣ್ಣಗಿದೆಯಾದ್ದರಿಂದ ನಿಂತಿದೆ, ಅದೇ ಸರಿ ಎಂದು ಇಬ್ಬರೂ ಹುಡುಗರು ನಕ್ಕರು. ಮಗನ ನಗುವನ್ನು ಕೇಳಿ ಎಷ್ಟು ದಿನವಾಗಿತ್ತು! ಅಂಗಡಿಯ ಹುಡುಗನು ನೂರು ರೂಪಾಯಿ ಕೇಳಿದನು. ಹಬ್ಬದ ನೆಪದಿಂದ ಇನ್ನೂರು ಕೊಟ್ಟೆವು.

ಹಿಂದಿರುಗುವಾಗ ಗಾಡಿಯಲ್ಲಿ ಕುಳಿತುಕೊಳ್ಳಲು ಸ್ಥಳ ಸಿಕ್ಕಿತು. ಇಂದಿರಾನಗರ ದಾಟುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ನಮ್ಮ ಮನಸ್ಸು ಮಗನ ಬಳಿಯೂ ಇರಲಿಲ್ಲ. 1994ನೆಯ ಇಸವಿಯಲ್ಲಿ, ಹೊಸಕೋಟೆಯ ಆಚೆಗಿನ ಒಂದು ಪ್ರೌಢಶಾಲೆಯಲ್ಲಿತ್ತು.

ಎಂಟನೆಯ ತರಗತಿಗೆ ಆ ವರ್ಷ ಒಬ್ಬ ಹುಡುಗನು ಬಂದನು. ಹೆಸರು ಬೇಡ. ರಾಮಶಬ್ದವನ್ನು ಒಪ್ಪಿಸೆಂದರೆ ಶಾಲೆಯ ಗೇಟಿನವರೆಗೆ ಕೇಳಿಸುವಂತೆ ಕೂಗಿ ಒಪ್ಪಿಸುವನು. ಮೆಲ್ಲಗೆ ಹೇಳೆಂದರೆ ಇನ್ನೂ ಜೋರಾಗಿ ಹೇಳುವನು. ಸಾಕು ಕುಳಿತುಕೋ ಎಂದು, ಬರೆಯಲು ಕಪ್ಪುಹಲಗೆಯ ಕಡೆಗೆ ತಿರುಗಿದರೆ ನಮ್ಮ ಬೆನ್ನ ಹಿಂದೆ ಇನ್ನೂ ಷಷ್ಠೀ ವಿಭಕ್ತಿಯಲ್ಲಿರುವನು. ತರಗತಿಯೆಲ್ಲ ಗೊಳ್ಳೆಂದು ನಗುವುದು. ಉದ್ಧಟನೆಂದು ನಿಶ್ಚಯಿಸಿ ಅವನನ್ನು ಕಡೆಯ ಬೆಂಚಿಗೆ, ಬಾಗಿಲ ಪಕ್ಕಕ್ಕೆ ಕಳುಹಿಸಿದೆವು. ಬೆತ್ತವೂ ಬಿದ್ದಿತು. ಕಡೆಯ ಬೆಂಚಿನಲ್ಲಿ ಅವನು ಒಂದೂವರೆ ವರ್ಷ ಕುಳಿತನು. ಒಂಬತ್ತನೆಯ ತರಗತಿಯ ನಡುವೆ ಆರೋಗ್ಯ ಇಲಾಖೆಯ ವೈದ್ಯರು ಮಕ್ಕಳನ್ನು ಪರೀಕ್ಷಿಸಲು ಬಂದರು. ಹುಡುಗನ ಹಿಂದೆ ನಿಂತು ಅವರು ಹೆಸರು ಹಿಡಿದು ಕರೆದರು. ಅವನು ತಿರುಗಲಿಲ್ಲ. ಎರಡನೆಯ ಸಲ ಕರೆದರು. ಅವನು ಎದುರಿಗಿದ್ದ ನಮ್ಮ ಮುಖವನ್ನೇ ನೋಡುತ್ತಿದ್ದನು, ನಮ್ಮ ತುಟಿ ಅಲುಗುವುದೋ ಎಂದು.

ಚಿಕ್ಕಂದಿನ ಯಾವುದೋ ಜ್ವರದಿಂದ ಕಿವಿಯ ನರಗಳು ಕ್ಷೀಣಿಸಿದ್ದುವಂತೆ. ತನ್ನ ಧ್ವನಿಯೇ ತನಗೆ ಸರಿಯಾಗಿ ಕೇಳದವನು ಕೂಗಿ ಮಾತಾಡದೆ ಇನ್ನು ಹೇಗೆ ಮಾತಾಡಿಯಾನು? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಅವನನ್ನು ಅವನ ತಾಯಿ ಕರೆದುಕೊಂಡು ಹೋದಳು. ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದ ದಿನ ಮೊದಲನೆಯ ಬೆಂಚಿನಲ್ಲಿ ಕೂರಿಸಿ ಪಾಠ ಒಪ್ಪಿಸೆಂದೆವು. ಅವನು ಎದ್ದು ನಿಂತು, ಎಲ್ಲ ಹುಡುಗರಂತೆ, ಮೆಲ್ಲಗೆ ಹೇಳಿದನು. ತರಗತಿಯಲ್ಲಿ ಯಾರೂ ನಗಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ಒಂದೂವರೆ ವರ್ಷದ ಪಾಠ ಬಾಗಿಲಾಚೆ ಹೋಗಿತ್ತು. ಮರುವರ್ಷ ಶಾಲೆಗೆ ಬರಲಿಲ್ಲ. ಅವನಿಗೆ ನಾವು ಏನೂ ಹೇಳಲಿಲ್ಲ. ಆಗಿನ ಕಾಲದಲ್ಲಿ ಮೇಷ್ಟ್ರುಗಳು ಹುಡುಗರ ಮುಂದೆ ತಪ್ಪೊಪ್ಪಿಕೊಳ್ಳುತ್ತಿರಲಿಲ್ಲ; ಈ ಮಾತು ಸಮಾಧಾನಕ್ಕಾಗಿ ಹೇಳಿಕೊಳ್ಳುವುದೇ ಹೊರತು ಉತ್ತರವಲ್ಲ.

ಬೆನ್ನಿಗಾನಹಳ್ಳಿಯ ಬಳಿ ಮಗನೇ ಮಾತು ತೆಗೆದನು. “ಅಪ್ಪ, ಮುಂದಿನ ಸಲ ಹೂವನ್ನು ಪೆಟ್ಟಿಗೆಯ ಮೇಲೆ ಇಡೋಣ. ಅಲ್ಲಾದರೆ ಎಷ್ಟು ಬೇಕಾದರೂ ಇಡಬಹುದು.”

“ಆಗಲಪ್ಪ” ಎಂದೆವು. ಅನಂತರ, ಗಾಡಿಯ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ ಎಂಬ ಸಂಶಯದಿಂದ, “ಆ ರಾತ್ರಿ ಆಡಿದ ಮಾತು ತಪ್ಪು” ಎಂಬುದನ್ನು ಎರಡು ಸಲ ಹೇಳಿದೆವು. ಕೇಳಿಸಿತೆಂದು ಅವನು ನಮ್ಮ ಕೈಯನ್ನು ಮುಟ್ಟಿ ತಿಳಿಸಿದನು.

ಸಂಜೆ ಯಂತ್ರವು ಹಜಾರದ ಮೂಲೆಗೆ ಮರಳಿತು. ಮನೆಯಾಕೆಯು ಹೂರಣ ರುಬ್ಬುತ್ತಿದ್ದವಳು ಎರಡು ಸಲ ಬಂದು ಇಣಿಕಿ, ಇದು ಓಡುತ್ತಿದೆಯೋ ಇಲ್ಲವೋ ಎಂದು ವಿಚಾರಿಸಿದಳು. ಓಡುತ್ತಿತ್ತು. ಅಂದಿನ ರಾತ್ರಿಯೇ ಕೊನೆಯ ಎರಡು ಚಿತ್ರಗಳು ಮುಗಿಯಬೇಕಿತ್ತು. ಯಾರೋ ಕಟ್ಟಲಿರುವ ಮನೆಯೊಂದರ ಜಗುಲಿಯ ಮೇಲೆ ಸಂಜೆಯ ಬೆಳಕು ಪರದೆಯಲ್ಲಿ ಚೂರುಚೂರಾಗಿ ಮೂಡುತ್ತಿತ್ತು.

ಮಗನು ಕಟ್ಟಿಗೆಯ ಸ್ಟೂಲಿನ ಮೇಲೆ ಕುಳಿತಿದ್ದುದನ್ನು ಕಂಡು, ಕುರ್ಚಿ ಮೇಲೆಯೇ ಉಳಿದಿದೆಯೆಂಬುದು ನಮಗೆ ನೆನಪಾಯಿತು. ಟಾರ್ಚು ಹಿಡಿದು ಮಾಳಿಗೆ ಹತ್ತಿದೆವು. ಕೋಣೆಯ ಒಂದು ಗೋಡೆ ಎದೆಯ ಎತ್ತರದವರೆಗೆ ನೆನೆದು ಕಪ್ಪಾಗಿತ್ತು. ತಗಡು ಸೋರುವಲ್ಲಿ ಒಡೆದ ಬಕೆಟ್ಟನ್ನು ಇಟ್ಟಿದ್ದನು. ಕಿಟಕಿಯ ಹಲಗೆಯ ಮೇಲೆ ಕಾಫಿಯ ಲೋಟದ ಗುಂಡನೆಯ ಕಲೆಗಳು, ಒಂದರ ಮೇಲೊಂದು. ಎಣಿಸಲು ಹೋಗಿ ಬಿಟ್ಟೆವು. ಕುರ್ಚಿಯ ಬೆನ್ನಿಗೆ ಅವನ ಶಾಲು ಇನ್ನೂ ತೇವವಾಗಿಯೇ ಇತ್ತು. ಶಾಲನ್ನು ಹೆಗಲ ಮೇಲೆ ಹಾಕಿಕೊಂಡು, ಕುರ್ಚಿಯನ್ನು ಎರಡು ಕೈಯಿಂದಲೂ ಎತ್ತಿ, ಒಂದೊಂದೇ ಮೆಟ್ಟಿಲಾಗಿ ಇಳಿದು ತಂದೆವು.